ನಿಲ್ಲದ ಒಂದು ಮಗ್ಗ

ನನ್ನ ಕೆಲಸ ಸದ್ದು ಮಾಡುವುದು. ಹೀಗೆಂದಾಗಲೆಲ್ಲ ನಮ್ಮ ಅತ್ತೆ, "ಅದನ್ನ ಮನೇಲಿ ಬಿಟ್ಟಿಯಾಗೇ ಮಾಡ್ತೀಯಲ್ಲ, ಆಫೀಸಿಗ್ಯಾಕೆ ಹೋಗ್ಬೇಕು" ಅನ್ನುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ನಮ್ಮ ಮನೆಯಲ್ಲಿ ಇನ್ನೂ ಮೊದಲರ್ಧದಲ್ಲೇ ನಿಂತಿದೆ.

ನಗರದ ಸಂಗ್ರಹಾಲಯದವರು ಹೊಸ ಬಗೆಯ ಪ್ರದರ್ಶನವೊಂದನ್ನು ಮಾಡಹೊರಟಿದ್ದರು. ಕಣ್ಣು ಕಿವಿ ಮುಚ್ಚುವ ಹೆಡ್‌ಸೆಟ್ ತಲೆಗೇರಿಸಿಕೊಂಡರೆ ಹಿಂದಿನ ಕಾಲದ ಒಂದು ದಿನದೊಳಗೆ ಹೋಗಿ ನಿಲ್ಲಬಹುದು. ಒಬ್ಬರೇ ಅಲ್ಲ, ಹತ್ತಾರು ಜನ ಒಟ್ಟಿಗೆ. ಪಕ್ಕದಲ್ಲಿ ನಿಂತವರಾಗಲಿ, ದೂರದ ಊರಿನಲ್ಲಿ ಇರುವವರಾಗಲಿ, ಒಳಗೆ ಹೋದ ಮೇಲೆ ಒಬ್ಬರಿಗೊಬ್ಬರು ಕಾಣುತ್ತಾರೆ, ಮಾತಾಡುತ್ತಾರೆ, ಕೈಯಾಡಿಸುತ್ತಾರೆ. ಅದರ ಗೋಡೆ, ಕಿಟಕಿ, ಯಂತ್ರಗಳನ್ನು ಕಟ್ಟುವುದು ನನ್ನ ಜೊತೆಗಾರನ ಪಾಲು. ಹಳೆಯ ಫೋಟೋ ನೋಡಿಕೊಂಡು ಒಂದೊಂದೇ ಇಟ್ಟಿಗೆ ಕೂರಿಸುತ್ತಾನೆಂದು ಅವನಿಗೆ ಇಟ್ಟಿಗೆ ಎಂದೇ ಹೆಸರು ಬಿದ್ದಿದೆ. ಕಿವಿಗೆ ಬೀಳುವುದೆಲ್ಲ ನನ್ನ ಪಾಲು.

ಸಂಗ್ರಹಾಲಯದವರು ಆರಿಸಿದ್ದು ನಮ್ಮೂರಿನ ಹಳೆಯ ಬಟ್ಟೆ ಗಿರಣಿಯ ಒಂದು ದಿನವನ್ನು. ಗಿರಣಿಯ ನೇಯ್ಗೆ ಶೆಡ್ಡಿನಲ್ಲಿ ಆಗ ಕೆಲಸಕ್ಕಿದ್ದವರೆಲ್ಲ ಹೆಂಗಸರು. ಅವರು ಒಳಗೆ ಹೋದ ಮೇಲೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಬೆಂಕಿ ಹತ್ತಿಕೊಂಡರೂ ಸರಿ, ಹೆರಿಗೆ ನೋವು ಬಂದರೂ ಸರಿ, ಮೇಸ್ತ್ರಿ ಬಂದು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇಳಿ ಕೇಳಿ ಬೇಸತ್ತ ಹೆಂಗಸರು ಒಂದು ದಿನ ಎಲ್ಲ ಮಗ್ಗಗಳನ್ನೂ ಒಂದೇ ಸಲಕ್ಕೆ ನಿಲ್ಲಿಸಿ ಬಾಗಿಲಿಗೆ ಮುಖ ಮಾಡಿ ನಿಂತುಬಿಟ್ಟರು. ಬೈಗುಳವಿಲ್ಲ, ಘೋಷಣೆಯಿಲ್ಲ. ಅಂದು ತೆಗೆದ ಬೀಗ ಮತ್ತೆ ಬೀಳಲಿಲ್ಲ. ಆ ದಿನ ಎಲ್ಲರ ಮುಂದೆ ನಿಂತು ಕೈಯೆತ್ತಿ ಸನ್ನೆ ಕೊಟ್ಟವರು ನಮ್ಮ ಅತ್ತೆ. ಪ್ರದರ್ಶನದ ಬಾಗಿಲಲ್ಲಿ ಅವರ ಆಳೆತ್ತರದ ಫೋಟೋ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಸುದ್ದಿ ತಿಳಿದ ದಿನದಿಂದ ಅತ್ತೆ ಅಂಗಡಿಗೆ ಹೋಗುವಾಗಲೂ ತಲೆ ಬಾಚಿಕೊಂಡು ಹೋಗುತ್ತಿದ್ದರು.

ಶೆಡ್ಡಿನ ಗದ್ದಲದಲ್ಲಿ ಪಕ್ಕದವಳ ಮಾತು ಪಕ್ಕದವಳಿಗೆ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅವರದೇ ಕೈಸನ್ನೆಯ ಭಾಷೆಯೊಂದಿತ್ತು. ನಾನು ಊಟದ ಮೇಜಿನ ಮೇಲೆ ಕ್ಯಾಮೆರಾ ಇಟ್ಟು ಅತ್ತೆಯಿಂದ ಸನ್ನೆಗಳನ್ನೆಲ್ಲ ಮಾಡಿಸಿದೆ. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬರುತ್ತಿದ್ದಾನೆ ಎಂದು. ಎರಡು ಬೆರಳು ಜೋಡಿಸಿ ಬಿಡಿಸಿದರೆ ನೂಲು ಕಡಿದಿದೆ ಎಂದು. ಎರಡು ಮುಷ್ಟಿ ಗುದ್ದಿಸಿದರೆ ರಾತ್ರಿ ಗಂಡನ ಜೊತೆ ಜಗಳವಾಗಿದೆ ಎಂದು.

"'ತಪ್ಪಾಯ್ತು' ಅನ್ನೋಕೆ?" ಎಂದು ಕೇಳಿದೆ.

"ಅದಕ್ಕೆ ಸನ್ನೆ ಇರಲಿಲ್ಲ ಕಣೇ. ಅಷ್ಟೆಲ್ಲ ಪುರುಸೊತ್ತು ಯಾರಿಗಿತ್ತು? ತಪ್ಪು ಮಾಡಿದೋಳು ಹೀಗೆ ಮಾಡ್ತಿದ್ಲು." ಎಡಗೈಯನ್ನು ಬೊಗಸೆ ಮಾಡಿ, ಬಲಗೈಯಿಂದ ಮುಚ್ಚಳ ತೆಗೆದಂತೆ ಮಾಡಿ, ನನ್ನ ಕಡೆ ಚಾಚಿದರು. "ಡಬ್ಬಿ ತೆಗೆದಿದೀನಿ, ಬಾ, ನನ್ನ ಊಟ ತಿನ್ನು ಅಂತ. ಅಲ್ಲಿಗೆ ಮುಗೀತು."

"ಆ ಕಡೆಯವಳು ಏನಂತಿದ್ಲು?"

"ಒಬ್ಬಳು ಇದ್ಲು. ಡಬ್ಬಿಯೊಳಗೆ ಬೆರಳು ಹಾಕಿ ತಳ ಬಳಿಯೋ ಹಾಗೆ ತೋರಿಸ್ತಿದ್ಲು. ಒಂದು ಚೂರೂ ಬಿಡಲ್ಲ ಅಂತ." ಅತ್ತೆಯ ಮುಖದಲ್ಲಿ ಒಂದು ನಗು ಬಂದು, ಬಂದದ್ದು ತಪ್ಪಾಯಿತೆನ್ನುವಂತೆ ವಾಪಸು ಹೋಯಿತು.

"ಯಾರವರು?"

"ಇದ್ಲು ಯಾರೋ" ಎಂದವರೇ ಎದ್ದು ಪಾತ್ರೆ ತೊಳೆಯಲು ಹೋದರು. ಅವರ ಪಾಳಿಯ ಪಾತ್ರೆಗಳಲ್ಲ ಅವು, ನನ್ನ ಪಾಳಿಯವು. ಆಗಲೇ ನನಗೆ ಗೊತ್ತಾಯಿತು, ಇದರ ಹಿಂದೆ ಏನೋ ಇದೆ ಎಂದು. ಕಂಡಕಂಡಲ್ಲಿ ಮೂಗು ತೂರಿಸುವವರಿರುತ್ತಾರೆ; ನಾನು ಕಿವಿ ತೂರಿಸುವವಳು.

ಆ ಯಾರೋ ಯಾರೆಂಬುದನ್ನು ನನ್ನ ಗಂಡ ಹೇಳಿದರು. ಶೆಡ್ಡಿನ ನಡುದಾರಿಯ ಬಲಕ್ಕೆ ಅತ್ತೆಯ ಮಗ್ಗ. ಎಡಕ್ಕೆ, ನೇರ ಎದುರಿಗೆ, ಅವರ ಜೀವದ ಗೆಳತಿಯ ಮಗ್ಗ. ತೆಳ್ಳಗಿದ್ದರೆಂದು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಇಬ್ಬರೂ ದಿನವಿಡೀ ಕೈಯಲ್ಲೇ ಹರಟುತ್ತಿದ್ದರು. ಆ ದಿನ ಮಗ್ಗಗಳೆಲ್ಲ ನಿಂತಾಗ ಒಂದೇ ಒಂದು ಮಗ್ಗ ನಿಲ್ಲಲಿಲ್ಲ. ಅಷ್ಟು ದೊಡ್ಡ ಶೆಡ್ಡಿನಲ್ಲಿ ಅದೊಂದೇ ಟಕಟಕ ಎನ್ನುತ್ತ ಓಡುತ್ತಿತ್ತು. ಆಮೇಲೆ ನಿಂತಿತು. ನಿಂತ ಮೇಲೆ ಅತ್ತೆ ತಿರುಗಿ ನೋಡಿದರೆ ಕಡ್ಡಿಯೊಬ್ಬಳೇ ನಡುದಾರಿಯಲ್ಲಿ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು.

"ಯಾಕೆ ಹೀಗ್ಮಾಡ್ದೆ?" ಎಂದು ಅತ್ತೆ ಎಲ್ಲರೆದುರು ಕೇಳಿದರಂತೆ. ಕಡ್ಡಿ ಅವರ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಹೋದಳಂತೆ. ಅಲ್ಲಿಂದ ಮಾತು ನಿಂತಿತು. ಉಳಿದವರೂ ಅವಳಿಗೆ ಬೆನ್ನು ಹಾಕಿದರು. ಕೆಲವು ತಿಂಗಳಲ್ಲಿ ಕಡ್ಡಿ ಬೇರೆ ಊರಿಗೆ ಹೋದಳು. ಇದಾಗಿ ನಲವತ್ತು ವರ್ಷದ ಮೇಲಾಯಿತು. ಮಗ್ಗವೊಂದು ನಿಲ್ಲಲಿಲ್ಲ ಎನ್ನುವ ಮಾತು ಇತಿಹಾಸದಲ್ಲೆಲ್ಲೂ ಇಲ್ಲ. ಶೆಡ್ಡಿನ ಹೆಂಗಸರಿಗಷ್ಟೇ ಗೊತ್ತು.

ನನಗೆ ಕಡ್ಡಿಯಮ್ಮನಿಗಿಂತ ಮೊದಲು ಆ ಮಗ್ಗದ ಕುತೂಹಲ ಹತ್ತಿತು ಎಂದರೆ ನೀವು ನನ್ನನ್ನು ಕಲ್ಲುಮನಸ್ಸಿನವಳು ಅಂದುಕೊಳ್ಳಬಹುದು. ಆದರೆ ಯೋಚಿಸಿ. ನೂರಾರು ಮಗ್ಗಗಳ ಗದ್ದಲ ಒಮ್ಮೆಗೇ ಬಿದ್ದುಹೋದ ಮೇಲೆ ಒಂದೇ ಮಗ್ಗ! ಅದಕ್ಕಿಂತ ಒಳ್ಳೆಯ ಸದ್ದು ನನ್ನ ಜನ್ಮದಲ್ಲಿ ಸಿಗುವುದಿಲ್ಲ. ಅದನ್ನು ಶೆಡ್ಡಿನಲ್ಲಿ ಎಲ್ಲಿ ಇಡಬೇಕು ಎನ್ನುವುದೊಂದೇ ಪ್ರಶ್ನೆ.

"ಎಲ್ಲಿ ಇಡೋದು ಅಂದ್ರೆ? ಅವಳ ಜಾಗದಲ್ಲಿ ಇಡು" ಅಂದರು ಅತ್ತೆ, ಕಡ್ಡಿ ಮುರಿದ ಹಾಗೆ.

"ನೀವು ಅದನ್ನ ಕಣ್ಣಲ್ಲಿ ನೋಡಿದ್ರಾ?"

"ನೋಡೋದು ಹೇಗೆ? ಎಲ್ಲರೂ ಬೆನ್ನು ಹಾಕಿ ನಿಂತಿದ್ವಿ."

ಇದು ಅವರ ಏರ್ಪಾಡು. ಹಿಡಿ ಎಳೆದು ಮಗ್ಗ ನಿಲ್ಲಿಸಿದ ಕೂಡಲೇ ಅದಕ್ಕೆ ಬೆನ್ನು ತಿರುಗಿಸಿ ಬಾಗಿಲ ಮುಂದಿನ ಬಯಲಿಗೆ ಬಂದು ನಿಲ್ಲಬೇಕು, ಏನಾದರೂ ತಿರುಗಬಾರದು. ನಿಂತ ಮಗ್ಗವನ್ನು ಕಂಡರೆ ನೇಯುವವಳ ಕೈ ಸುಮ್ಮನಿರುವುದಿಲ್ಲವಂತೆ. ತಾನಾಗಿ ಹೋಗಿ ಹಿಡಿ ಹಾಕಿಬಿಡುತ್ತದೆ. ಆ ಭಯಕ್ಕೆ ಮಾಡಿಕೊಂಡ ನಿಯಮ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇಲ್ಲಿ ಪ್ರತ್ಯಕ್ಷವೇ ಇರಲಿಲ್ಲ.

ಆ ದಿನ ಶೆಡ್ಡಿನಲ್ಲಿದ್ದವರಲ್ಲಿ ನಮಗೆ ಸಿಕ್ಕ ಆರು ಜನರನ್ನು ಸಂಗ್ರಹಾಲಯದ ದೊಡ್ಡ ಹಾಲಿಗೆ ಕರೆಸಿದೆವು. ಅತ್ತೆಯೂ ಅವರಲ್ಲೊಬ್ಬರು. ಕುರ್ಚಿಗಳನ್ನು ಗೋಡೆಗೆ ಸರಿಸಿ, ನೆಲಕ್ಕೆ ರಬ್ಬರಿನ ಹಾಸು ಹಾಸಿ, ಒಬ್ಬೊಬ್ಬರ ತಲೆಗೂ ಹೆಡ್‌ಸೆಟ್ ಕಟ್ಟಿದೆವು. ಅತ್ತೆ ಅದಕ್ಕೆ ಕುದುರೆಯ ಕಣ್ಣುಪಟ್ಟಿ ಎಂದು ಹೆಸರಿಟ್ಟಿದ್ದರು. "ಒಳಗೆ ಹೋದ್ಮೇಲೆ ಮಂಡಿನೋವು ಇರುತ್ತಾ?" ಎಂದು ಒಬ್ಬರು ಕೇಳಿದರು. ಒಳಗೆ ಹೋದ ಮೇಲೆ ಐದು ನಿಮಿಷ ಯಾರೂ ನಮ್ಮ ಮಾತು ಕೇಳಲಿಲ್ಲ. ಮಗ್ಗಗಳನ್ನು ಓಡಿಸಲು ತಲೆಯ ಮೇಲೆ ತಿರುಗುವ ಪಟ್ಟಿಗಳನ್ನು, ಚಾವಣಿಯ ಗಾಜನ್ನು ನೋಡುತ್ತ, "ಅಯ್ಯೋ, ಆ ಕಿಟಕಿ ಒಡೆದಿತ್ತು ಕಣ್ರೇ", "ಇಲ್ಲೇ ಅಲ್ವಾ ನೀನು ನಿದ್ದೆ ಹೊಡೀತಿದ್ದಿದ್ದು" ಎಂದು ಹುಡುಗಿಯರಾಗಿಬಿಟ್ಟರು. ಒಬ್ಬರು ಹಳೆಯ ಅಭ್ಯಾಸದಂತೆ ಮಗ್ಗಕ್ಕೆ ಒರಗಲು ಹೋದರು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದರಲ್ಲಿದ್ದರು, ಇಟ್ಟಿಗೆ ಓಡಿಬಂದು ಹಿಡಿದ.

"ಈಗ ನಿಮ್ಮ ನಿಮ್ಮ ಜಾಗದಲ್ಲಿ ನಿಂತ್ಕೊಳ್ಳಿ. ಬಾಗಿಲ ಕಡೆ ಮುಖ ಮಾಡಿ. ಆ ಒಂದು ಮಗ್ಗದ ಸದ್ದು ಯಾವ ಕಡೆಯಿಂದ ಬರ್ತಿತ್ತು, ಬೆರಳು ತೋರಿಸಿ" ಎಂದೆ.

ಆರು ಜನ ಆರು ಕಡೆ ತೋರಿಸಿದರು. ಅತ್ತೆಯ ಬೆರಳು ಎಡಕ್ಕೆ, ಕಡ್ಡಿಯಮ್ಮನ ಮಗ್ಗದ ಕಡೆಗೆ. ಒಬ್ಬರದು ಬಲಕ್ಕೆ, ಒಬ್ಬರದು ನೇರ ಹಿಂದಕ್ಕೆ, ಒಬ್ಬರದಂತೂ ಚಾವಣಿಗೆ. "ಮಗ್ಗ ಮಾಳಿಗೆ ಹತ್ತಿತ್ತೇನೇ?" ಎಂದು ಅತ್ತೆ ಹಂಗಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಾಲಿನಲ್ಲಿ ಜಗಳ ಶುರುವಾಯಿತು. ನನಗೆ ಖುಷಿಯೋ ಖುಷಿ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆರು ಬೆರಳುಗಳೂ ನಿಜವಾಗಬೇಕಾದರೆ ಮಗ್ಗ ಎಲ್ಲಿರಬೇಕು?

ಬಾವಿಯೊಳಗೆ ಕೂಗಿದವರಿಗೆ ಗೊತ್ತು, ಸದ್ದು ಹೊರಟ ಕಡೆಯಿಂದಲೇ ಕಿವಿಗೆ ಬರಬೇಕೆಂದಿಲ್ಲ. ಗೋಡೆಗೆ ಬಡಿದು ಬರುತ್ತದೆ, ಗಾಜಿಗೆ ಬಡಿದು ಬರುತ್ತದೆ. ಶೆಡ್ಡನ್ನು ಎಂದೋ ಕೆಡವಿ ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ, ಹೋಗಿ ಪರೀಕ್ಷಿಸುವ ಹಾಗಿಲ್ಲ. ಆದರೆ ಇಟ್ಟಿಗೆ ಕಟ್ಟಿದ ಶೆಡ್ಡು ಇತ್ತಲ್ಲ. ಗೋಡೆ ಎಷ್ಟು ಗಟ್ಟಿ, ಗಾಜು ಎಷ್ಟು ತೆಳು ಎಂದು ಒಂದೊಂದನ್ನೂ ಲೆಕ್ಕಕ್ಕೆ ಕೊಟ್ಟರೆ, ಎಲ್ಲಿಂದ ಹೊರಟ ಸದ್ದು ಎಲ್ಲಿ ನಿಂತವರಿಗೆ ಹೇಗೆ ಕೇಳುತ್ತದೆಂದು ಕಂಪ್ಯೂಟರು ಕೇಳಿಸುತ್ತದೆ. ನಾನು ಮಗ್ಗವನ್ನು ಒಂದು ಜಾಗದಲ್ಲಿಟ್ಟು, ಆರು ಹೆಂಗಸರ ಜಾಗದಲ್ಲೂ ಸರದಿಯಂತೆ ನಿಂತು, ಕಣ್ಣುಮುಚ್ಚಿ ಬೆರಳು ತೋರಿಸುತ್ತ ಹೋದೆ. ಕಾಫಿ ತರುವವರು ಬಾಗಿಲಲ್ಲಿ ನಿಂತು ನೋಡಿ, ಲೋಟವನ್ನು ನೆಲದ ಮೇಲಿಟ್ಟು ಹೊರಟುಹೋಗುತ್ತಿದ್ದರು.

ಮೊದಲು ಕಡ್ಡಿಯಮ್ಮನ ಜಾಗ ನೋಡಿದೆ. ಅತ್ತೆಯ ಬೆರಳೊಂದೇ ಸರಿಹೋಯಿತು, ಉಳಿದ ಐದೂ ತಪ್ಪು. ಮುಂದಿನ ಸಾಲು, ಹಿಂದಿನ ಸಾಲು, ಮೂಲೆಯ ಮಗ್ಗಗಳು, ಎಲ್ಲ ನೋಡಿದೆ. ಎರಡು ಸರಿಹೋದರೆ ನಾಲ್ಕು ತಪ್ಪುತ್ತಿದ್ದವು. ನಡುವೆ ಇಟ್ಟಿಗೆ ಬಂದು, "ಒಂದು ಫೋಟೋದಲ್ಲಿ ಬಲಗಡೆ ಬಟ್ಟೆಯ ಉರುಳೆಗಳನ್ನ ಆಳೆತ್ತರ ಒಟ್ಟಿದಾರೆ, ನಾನು ಅದನ್ನ ಕಟ್ಟೋದು ಬಿಟ್ಟಿದ್ದೆ" ಎಂದ. ಬಟ್ಟೆಯ ರಾಶಿ ಸದ್ದನ್ನು ನುಂಗುತ್ತದೆ. ರಾಶಿ ಬಂದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದೆ.

ಒಂದು ಜಾಗದಲ್ಲಿ ಆರು ಬೆರಳುಗಳೂ ಸರಿಹೋದವು. ಚಾವಣಿ ತೋರಿಸಿದವರದೂ ಸೇರಿ. ಅವರು ನಿಂತ ಕಡೆಗೆ ಸದ್ದು ಗಾಜಿನಿಂದಲೇ ಇಳಿಯುತ್ತಿತ್ತು. ಕುರ್ಚಿಯಿಂದೆದ್ದು ಒಂದು ಸುತ್ತು ಕುಣಿದೆ. ಆಮೇಲೆ ಆ ಜಾಗ ಯಾರದೆಂದು ನೋಡಿದೆ. ಅದು ಅತ್ತೆಯ ಮಗ್ಗ.

ಅತ್ತೆ ನಿಂತಿದ್ದು ಆ ಉರುಳೆಗಳ ರಾಶಿಯ ಈಚೆಗೆ. ಅವರ ಮಗ್ಗದ ಸದ್ದು ಬಲದಿಂದ ನೇರವಾಗಿ ಅವರ ಕಿವಿಗೆ ಬರುವಂತಿರಲಿಲ್ಲ. ಎಡಗಡೆಯ ಬರಿಯ ಗೋಡೆಗೆ ಬಡಿದು, ಕಡ್ಡಿಯಮ್ಮನ ಮಗ್ಗದ ಕಡೆಯಿಂದ ಬರುತ್ತಿತ್ತು. ಅಂದರೆ ಕಡ್ಡಿಯಮ್ಮ ನಿಯಮ ಮುರಿದು ಒಬ್ಬರೇ ಹಿಂದಕ್ಕೆ ಹೋದದ್ದು ತಮ್ಮ ಮಗ್ಗ ನಿಲ್ಲಿಸಲಿಕ್ಕಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡರು ಎಂದರೆ ಇದೇ. ಇಟ್ಟಿಗೆಗೆ ತೋರಿಸಿದೆ. ಅವನು ಹೆಡ್‌ಸೆಟ್ ತೆಗೆದು ತಲೆ ಕೆರೆದುಕೊಂಡ.

"ಸದ್ದನ್ನ ಶೆಡ್ಡಿನ ತುಂಬ ಹರಡಿಬಿಡು. ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗಲ್ಲ. ನಾಳೆ ಊಟ ಹಾಕೋದು ನಿಮ್ಮತ್ತೆ, ನಾನಲ್ಲ."

"ಕಡ್ಡಿಯಮ್ಮ?"

"ಪ್ರಯೋಗಕ್ಕೆ ಅವರು ಬರೋದು ಹೌದಾ?"

ಬರುವುದು ಹೌದಾಗಿತ್ತು. ಸಂಗ್ರಹಾಲಯದ ಮೇಡಂ ಅವರನ್ನು ಹುಡುಕಿ ಫೋನು ಮಾಡಿದ್ದರು. ಪ್ರದರ್ಶನ ತೆರೆಯುವ ಮುಂಚೆ ಎಲ್ಲರನ್ನೂ ಸೇರಿಸಿ ನಡೆಸುವ ಪ್ರಯೋಗದ ದಿನ ತಮ್ಮ ಊರಿನ ಗ್ರಂಥಾಲಯದ ಹಾಲಿನಿಂದಲೇ ಹೆಡ್‌ಸೆಟ್ ಹಾಕಿಕೊಂಡು ನಮ್ಮ ಶೆಡ್ಡಿನೊಳಗೆ ಬರಲು ಅವರು ಒಪ್ಪಿದ್ದರು. ಅತ್ತೆಗೆ ಇದನ್ನು ಹೇಳಿದಾಗ, "ಅವಳು ಬರೋದಾದ್ರೆ ನಾನು ಬರಲ್ಲ. ಫೋಟೋನೇ ನಿಲ್ಸಿಕೊಳ್ಳಿ" ಅಂದಿದ್ದರು.

ನನ್ನದು ಲೆಕ್ಕ, ಸಾಕ್ಷಿಯಲ್ಲ. ಆರು ಮುದುಕಿಯರ ನೆನಪು, ಒಂದು ಫೋಟೋ, ಒಂದು ಕಂಪ್ಯೂಟರು. ನಿಜ ಗೊತ್ತಿದ್ದವರು ಕಡ್ಡಿಯಮ್ಮ ಒಬ್ಬರೇ. ಆದರೂ ಅತ್ತೆಗೆ ಹೇಳದೆ ಆ ಹಾಲಿನಲ್ಲಿ ಅವರನ್ನು ನಿಲ್ಲಿಸುವುದು ಮೋಸ ಅನ್ನಿಸಿತು. ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಕೊನೆಗೆ, ನಾನು ಹೇಳುವುದೇ ಬೇಡ, ಅವರ ಕಿವಿಯೇ ಹೇಳಲಿ ಎಂದುಕೊಂಡೆ.

ಒಂದು ಮಧ್ಯಾಹ್ನ ಅತ್ತೆಯೊಬ್ಬರನ್ನೇ ಹಾಲಿಗೆ ಕರೆದುಕೊಂಡು ಹೋದೆ. ಶೆಡ್ಡಿನೊಳಗೆ ಬೇರೆ ಯಾರನ್ನೂ ಬಿಡಲಿಲ್ಲ. ಎಲ್ಲ ಮಗ್ಗಗಳನ್ನೂ ನಿಲ್ಲಿಸಿ ಆ ಒಂದನ್ನು ಮಾತ್ರ ಸದ್ದಿಗೆ ಬಿಟ್ಟೆ.

"ಹುಡುಕಿ ಅತ್ತೆ" ಎಂದೆ.

"ಹುಡುಕೋದೇನಿದೆ?" ಎಂದು ಅತ್ತೆ ಸೀದಾ ಎಡಕ್ಕೆ ನಡೆದರು. ಹಾಲಿನಲ್ಲಿ ಅವರು ನಡೆದಂತೆ ಒಳಗೂ ನಡೆಯುತ್ತಿದ್ದರು. ನಾನು ಪರದೆಯ ಮೇಲೆ ನೋಡುತ್ತಿದ್ದೆ. ಕಡ್ಡಿಯಮ್ಮನ ಮಗ್ಗದ ಮುಂದೆ ಹೋಗಿ ನಿಂತರು. ಅದು ನಿಂತ ಮಗ್ಗ. ತಲೆ ವಾಲಿಸಿದರು. ಇನ್ನೂ ಮುಂದೆ, ಗೋಡೆಯವರೆಗೆ ಹೋದರು. ಗೋಡೆಗೆ ಕಿವಿಗೊಟ್ಟರು. ನಿಧಾನವಾಗಿ ತಿರುಗಿದರು.

"ಬೆನ್ನ ಹಿಂದಿಂದ ಬರ್ತಿದೆಯಲ್ಲೇ ಇದು."

ಅತ್ತೆ ನಡುದಾರಿಗೆ ಬಂದು, ಅಲ್ಲಿ ನಿಂತು, ಒಂದು ಕೈಯನ್ನು ಕಿವಿಗೆ ಹಿಡಿದು ಬಲಕ್ಕೆ ಹೋದರು. ಉರುಳೆಗಳ ರಾಶಿಯನ್ನು ಬಳಸಿದರು. ರಾಶಿ ದಾಟುತ್ತಿದ್ದಂತೆ ಸದ್ದು ದೊಡ್ಡದಾಯಿತು. ಅವರ ಹೆಜ್ಜೆ ಸಣ್ಣದಾಯಿತು. ಮಗ್ಗದ ಮುಂದೆ ಹೋಗಿ ನಿಂತು ಅತ್ತಿತ್ತ ಓಡುವ ಲಾಳಿಯನ್ನು ನೋಡುತ್ತ ಇದ್ದರು.

"ಇದನ್ನ ನೀನು ಇಲ್ಲಿ ಇಟ್ಟೆಯಾ?"

"ಎಲ್ಲ ಕಡೆನೂ ಇಟ್ಟು ನೋಡಿದೆ ಅತ್ತೆ. ಇಲ್ಲಿ ಇಟ್ರೆ ಮಾತ್ರ ಎಲ್ಲರ ಬೆರಳೂ ಸರಿಹೋಗುತ್ತೆ. ನಿಮ್ಮದೂ."

"ನಾನು ಹಿಡಿ ಎಳೆದಿದ್ದೆ. ಎಳೆದ ನೆನಪು ಕೈಯಲ್ಲಿದೆ."

"ಎಳೆದಿರ್ತೀರಿ."

ಆಮೇಲೆ ತಮಗೆ ತಾವೇ ಹೇಳಿಕೊಂಡರು. "ಆ ವಾರ ಮಗ್ಗ ಓಡಿಸೋ ಪಟ್ಟಿ ಸವೆದಿತ್ತು. ಹಿಡಿ ಎಳೆದು ಪಟ್ಟಿನ ಮಗ್ಗ ಓಡಿಸದ ಖಾಲಿ ಗಾಲಿಗೆ ಸರಿಸಿದ್ರೂ ಜಾರಿ ವಾಪಸ್ ಬರ್ತಿತ್ತು. ಒಂದು ಕ್ಷಣ ನಿಂತು ಮತ್ತೆ ಓಡ್ತಿತ್ತು, ಎರಡನೇ ಸಲ ಎಳೆದು ಹಿಡಿದ್ರೆ ಮಾತ್ರ ನಿಲ್ತಿತ್ತು. ಮೇಸ್ತ್ರಿಗೆ ಎರಡು ಸಲ ಹೇಳಿದ್ದೆ." ಎದುರಿನ ಮಗ್ಗದತ್ತ ತಿರುಗಿ, "ಹಾಗಾದ್ರೆ ಅವಳು ಯಾರ ಮಗ್ಗ ನಿಲ್ಸೋಕೆ ಹೋಗಿದ್ಲು?"

ಅವರೇ ಹೆಡ್‌ಸೆಟ್ ತೆಗೆದರು. ಹಣೆಯ ಮೇಲೆ ಪಟ್ಟಿಯ ಕೆಂಪು ಗುರುತಿತ್ತು. ನೀರು ಕೊಟ್ಟೆ, ಕುಡಿಯದೆ ಲೋಟವನ್ನು ಹಿಡಿದುಕೊಂಡೇ ಕೂತರು.

ಆಮೇಲೆ ಮನೆಯಲ್ಲಿ ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೂ ಅತ್ತೆ ಏನೂ ಅನ್ನಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಏನು ಮಾಡಿದೆ ಅಮ್ಮನಿಗೆ?" ಎಂದು ಗಂಡ ಕೇಳಿದರು. ಅವರಿಗೂ ಹೇಳಲಿಲ್ಲ. ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ, ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡು, ಇಲ್ಲದ ಹಿಡಿಯೊಂದನ್ನು ಎಳೆಯುತ್ತಿದ್ದರು. ಎಳೆದು ಬೆನ್ನು ತಿರುಗಿಸಿದರು. ನನ್ನನ್ನು ಕಂಡು, "ಏನು ಬೊಂಬೆ ನೋಡ್ದಂಗೆ ನೋಡ್ತಿದೀಯ, ಹಾಲು ಉಕ್ತಿದೆ" ಎಂದು ಗದರಿದರು. ಗದರಿಸಿಕೊಂಡು ಅಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ.

ಪ್ರಯೋಗದ ದಿನ ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದರು.

"ನಾನೂ ಬರ್ತೀನಿ."

"ಸದ್ದು…" ಎಂದೆ. "ಬೇಕಾದ್ರೆ ಶೆಡ್ಡಿನ ತುಂಬ ಹರಡ್ತೀನಿ ಅತ್ತೆ. ಯಾರಿಗೂ ಗೊತ್ತಾಗಲ್ಲ."

"ಎಲ್ಲಿತ್ತೋ ಅಲ್ಲೇ ಇಡು" ಎಂದು ಚಪ್ಪಲಿ ಮೆಟ್ಟಿಕೊಂಡರು.

ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಯೋಚನೆ. ನನ್ನ ಲೆಕ್ಕ ತಪ್ಪಾಗಿದ್ದರೆ? ಕಡ್ಡಿಯಮ್ಮ ನಿಜಕ್ಕೂ ತಮ್ಮ ಮಗ್ಗವನ್ನೇ ಬಿಟ್ಟು ಬಂದಿದ್ದರೆ? ಆಗ ನಾನು ಒಬ್ಬ ಮುದುಕಿಯ ನಿದ್ದೆಯನ್ನು ಸುಮ್ಮನೆ ಕೆಡಿಸಿದಂತಾಯಿತು. ಲೆಕ್ಕ ಸರಿಯಾಗಿದ್ದರೂ ಕೆಡಿಸಿದಂತೆಯೇ. ಆದರೂ, ನಾಚಿಕೆಬಿಟ್ಟು ಹೇಳುತ್ತೇನೆ, ಯಾವುದು ನಿಜವೆಂದು ತಿಳಿಯುವ ಆಸೆ ಭಯಕ್ಕಿಂತ ದೊಡ್ಡದಿತ್ತು.

ಒಳಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ನೀಲಿ ಕೆಲಸದ ಅಂಗಿಯ, ಗುರುತು ಹತ್ತದ ಮುಖದ ಬೊಂಬೆಗಳು. ಕೈಗಳು ಮಾತ್ರ ಅವರವರದೇ. ಬೆರಳಾಡಿಸಿದಂತೆ ಬೊಂಬೆಯ ಬೆರಳೂ ಆಡುತ್ತದೆ. ದೂರದ ಊರಿನಿಂದ ಬಂದ ಬೊಂಬೆ ಎಡಗಡೆಯ ಮಗ್ಗದ ಮುಂದೆ ಮೂಡಿತು. ಮೂಡಿದ್ದೇ ತಡ ಹೆಬ್ಬೆರಳಿಗೆ ತೋರುಬೆರಳು ಉಜ್ಜತೊಡಗಿತು, ನೂಲಿನ ನಯ ನೋಡುವವರ ಹಾಗೆ. ನನ್ನ ಪಕ್ಕ ಹಾಲಿನಲ್ಲಿ ನಿಂತಿದ್ದ ಅತ್ತೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

"ಅವಳೇ" ಎಂದರು.

ಮಗ್ಗಗಳು ಓಡುವಾಗ ಯಾರ ಮಾತೂ ಯಾರಿಗೂ ಕೇಳದಂತೆ ನಾನು ಮೈಕುಗಳನ್ನು ಮುಚ್ಚಿದ್ದೆ. ಹಾಗಾಗಿ ಇಬ್ಬರೂ ನಡುದಾರಿಯ ಎರಡು ಬದಿಗೆ ಸುಮ್ಮನೆ ನಿಂತಿದ್ದರು. ಕೈಗಳೂ ಮಾತಾಡಲಿಲ್ಲ. ಅತ್ತೆ ಕೈಯೆತ್ತಿದರು, ಮುಷ್ಟಿ ಕಟ್ಟಿದರು. ಎಲ್ಲರೂ ಹಿಡಿ ಎಳೆದು, ಬೆನ್ನು ತಿರುಗಿಸಿ, ಬಾಗಿಲ ಮುಂದೆ ಬಂದು ನಿಂತರು. 

ಗದ್ದಲ ಬಿದ್ದುಹೋಯಿತು. ಒಂದು ಮಗ್ಗ ಉಳಿಯಿತು.

ಸಾಲಿನ ಕೊನೆಯಲ್ಲಿದ್ದ ಬೊಂಬೆ ತಿರುಗಿತು. ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಸದ್ದನ್ನು ಎಲ್ಲಿಟ್ಟಿದ್ದೇವೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ನಡುದಾರಿಗೆ ಹೋಗಿ, ಅರೆಕ್ಷಣವೂ ಅನುಮಾನಿಸದೆ, ತನ್ನ ಮಗ್ಗದತ್ತ ನೋಡದೆ, ಅತ್ತೆಯ ಮಗ್ಗದತ್ತ ಹೊರಳಿತು. ನನ್ನ ಲೆಕ್ಕ ಸರಿಯಿತ್ತು. ಖುಷಿಪಡುವ ಹೊತ್ತಾಗಿರಲಿಲ್ಲ ಅದು.

ಅಷ್ಟರಲ್ಲಿ ಅತ್ತೆಯೂ ತಿರುಗಿದರು. ಮಂಡಿನೋವಿನ ಹೆಂಗಸು ಹಾಲಿನ ರಬ್ಬರು ಹಾಸಿನ ಮೇಲೆ ಹೆಚ್ಚುಕಡಿಮೆ ಓಡಿದರು. ಉರುಳೆಗಳ ರಾಶಿಯನ್ನು ಆ ಕಡೆಯಿಂದ ಅವರು, ಈ ಕಡೆಯಿಂದ ಇವರು ಬಳಸಿ ಬಂದು ಮಗ್ಗದ ಮುಂದೆ ಎದುರಾದರು. ಹಿಡಿಗೆ ಮೊದಲು ಕೈಹಾಕಿದ್ದು ಅತ್ತೆ. ಎಳೆದು, ಎಳೆದೇ ಹಿಡಿದುಕೊಂಡರು. ಲಾಳಿ ನಿಂತಿತು. ನಾನು ಮೈಕು ತೆರೆದೆ.

"ಯಾಕೆ, ಈ ಸಲ ನಾನು ನಿಲ್ಲಿಸ್ತೀನಿ ಅಂತ ನಂಬಿಕೆ ಬರಲಿಲ್ವಾ?" ಕಡ್ಡಿಯಮ್ಮನ ದನಿ ತೆಳ್ಳಗಿರಲಿಲ್ಲ, ಗಡಸಾಗಿ ದಪ್ಪಗಿತ್ತು.

"ಇದು ನನ್ನದು ಅಂತ ನನಗೆ ಗೊತ್ತಿರಲಿಲ್ಲ ಕಣೇ."

ಮಗ್ಗದ ಕಡೆ ಚಾಚಿದ್ದ ಬೊಂಬೆಯ ಕೈ ಕೆಳಗಿಳಿಯಿತು.

"ಗೊತ್ತಿರಲಿಲ್ವಾ?"

"ಇಲ್ಲ."

"ನಿಜವಾಗ್ಲೂ?"

"ಮೊನ್ನೆ ಗೊತ್ತಾಯ್ತು. ನನ್ನ ಸೊಸೆ ತೋರಿಸಿದ್ಲು."

"ನೀನು ಎಲ್ಲರ ಮುಂದೆ 'ಯಾಕೆ ಹೀಗ್ಮಾಡ್ದೆ' ಅಂದ್ಯಲ್ಲ. ಓಹೋ, ಗೊತ್ತಿದ್ದೂ ನನ್ನ ತಲೆಗೆ ಕಟ್ತಿದಾಳೆ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡೆ." ದನಿ ಒಡೆಯಿತು. "ಎಷ್ಟು ಬೈದಿದೀನಿ ನಿನ್ನ, ಗೊತ್ತಾ?"

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಎಲ್ಲಿ ಹೇಳಲಿ? ಬಾಗಿಲಾಚೆ ಮೇಸ್ತ್ರಿ ನಿಂತಿದ್ದ. ಮುಂದೆ ನಿಂತೋಳ ಮಗ್ಗವೇ ನಿಲ್ಲಲಿಲ್ಲ ಅಂತ ಅವನ ಕಿವಿಗೆ ಬಿದ್ದಿದ್ರೆ ಬೀಗ ತೆಗೀತಿದ್ನಾ? ನಗ್ತಾ ಹೋಗಿಬಿಡ್ತಿದ್ದ." ದನಿ ತಗ್ಗಿಸಿ, "ಆಮೇಲೆ ನೀನಾಗೇ ಬಂದು ಹೇಳ್ತೀಯ ಅಂತ ಕಾದೆ" ಎಂದರು.

ಹಾಲಿನಲ್ಲಿ ಉಳಿದ ಹೆಂಗಸರು ಹೆಡ್‌ಸೆಟ್ ಹಾಕಿಕೊಂಡೇ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಯಾರೂ ತಿರುಗಲಿಲ್ಲ. ಒಬ್ಬರು ಮಾತ್ರ ಹೆಡ್‌ಸೆಟ್ಟಿನ ಕೆಳಗೆ ಬೆರಳು ತೂರಿಸಿ ಕೆನ್ನೆ ಒರೆಸಿಕೊಂಡರು.

ಅತ್ತೆ ಹಿಡಿ ಬಿಟ್ಟರು. ಏನೋ ಹೇಳಲು ಬಾಯಿ ತೆರೆದರು. ಹಾಲಿನಲ್ಲಿ ನನ್ನ ಕಣ್ಣೆದುರೇ ಇದ್ದರಲ್ಲ, ಕಾಣುತ್ತಿತ್ತು. ಮಾತಿನಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿಲ್ಲ. ಆದರೆ ಅಂದು ಮಾತು ಹೊರಡಲಿಲ್ಲ. ಎಡಗೈಯನ್ನು ಮುಂದೆ ತಂದು ಬೊಗಸೆ ಮಾಡಿದರು. ಬಲಗೈಯಿಂದ ಇಲ್ಲದ ಮುಚ್ಚಳವನ್ನು ತೆಗೆದು, ಎದುರಿನ ಬೊಂಬೆಯ ಕಡೆ ಚಾಚಿ ಹಿಡಿದರು.

ಕಡ್ಡಿಯಮ್ಮ ನೋಡುತ್ತ ನಿಂತರು. ಆಮೇಲೆ ನೀಲಿ ಅಂಗಿಯ ಆ ಬೊಂಬೆ ಮುಂದೆ ಬಾಗಿ, ಬೊಗಸೆಯೊಳಗೆ ಬೆರಳು ಹಾಕಿ, ಡಬ್ಬಿಯ ತಳ ಬಳಿಯಿತು.